ಒಂದೇ ವಾಲ್ವು, ಬೀದಿ ತುಂಬ ಶಿಳ್ಳೆ

ಎಲೆಕ್ಟ್ರಾನಿಕ್ಸ್ ಕಲಿಯಲು ಹೊರಟ ಹುಡುಗ ಹುಡುಗಿಯರು ಸೊರಬದ ನಮ್ಮ ಮನೆಗೆ ಆಗಾಗ ಬರುತ್ತಾರೆ. "ಮೇಡಂ, ನೀವು ಯಾವ ಕಾಲೇಜಲ್ಲಿ ಕಲಿತ್ರಿ?" ಎಂದು ಕೇಳುತ್ತಾರೆ. ಶಿಕಾರಿಪುರದ ಒಂದು ಬೀದಿಯಲ್ಲಿ, ಬೀದಿಯವರ ಬೈಗುಳ ತಿಂದು ಕಲಿತೆ ಎಂದರೆ ತಮಾಷೆ ಮಾಡುತ್ತಿದ್ದೇನೆಂದು ನಗುತ್ತಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಹಾರ ಹಾಕಿದರು ಎಂಬುದನ್ನು ಬಿಟ್ಟುಬಿಡುತ್ತೇನೆ. ಅದನ್ನು ಓದಿ ಯಾರೂ ಒಂದು ತಂತಿಯನ್ನೂ ಬೆಸೆಯಲಾರರು.

ನಮ್ಮಪ್ಪ ಟೈಲರ್ ನಿಂಗಪ್ಪ. ಅವರ ಅಂಗಡಿಯ ಹಿಂದೆಯೇ ನಮ್ಮ ಮನೆ, ಪಕ್ಕದಲ್ಲೇ ದಸ್ತಗೀರ್ ಸಾಬರ ರೇಡಿಯೊ ರಿಪೇರಿ ಅಂಗಡಿ. ಟ್ರಾನ್ಸಿಸ್ಟರುಗಳು ಬಂದಿದ್ದರೂ ಅನುಕೂಲಸ್ಥರ ಮನೆಗಳಲ್ಲಿ ಇನ್ನೂ ಮರದ ಪೆಟ್ಟಿಗೆಯ ವಾಲ್ವ್ ರೇಡಿಯೊಗಳೇ ಮಾತಾಡುತ್ತಿದ್ದ ಕಾಲ ಅದು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ನಾನು ಒಂದು ದಿನ ಸಾಬರಿಗೆ ಹೊಲಿದ ಅಂಗಿ ಕೊಡಲು ಹೋದವಳು, ಬಿಚ್ಚಿಟ್ಟ ರೇಡಿಯೊದ ಒಳಗೆ ಕೆಂಡದಂತೆ ಹೊಳೆಯುತ್ತಿದ್ದ ಗಾಜಿನ ಬುರುಡೆಗಳನ್ನು ನೋಡುತ್ತ ಅಲ್ಲೇ ನಿಂತುಬಿಟ್ಟೆ. ಅಪ್ಪ ಎರಡು ಸಲ ಕರೆದರೂ ಕೇಳಿಸಲಿಲ್ಲ.

"ಏನವ್ವಾ ರತ್ನಾ, ಅಂಗಿ ಕೊಡಾಕೆ ಬಂದ್ಯೋ, ರೇಡಿಯೊ ಒಯ್ಯಾಕೆ ಬಂದ್ಯೋ?" ಎಂದರು ಸಾಬರು.

"ನಂಗೂ ಇದನ್ನ ಕಲಿಸ್ತೀರಾ ಸಾಬ್ರೇ?"

ಸಾಬರು ಕನ್ನಡಕವನ್ನು ಹಣೆಗೆ ಏರಿಸಿ ನನ್ನನ್ನು ನೋಡಿದರು. ಅವರದೊಂದು ಶರತ್ತಿತ್ತು. ಯಾರೇ ಕಲಿಯಲು ಬಂದರೂ ಮೊದಲು ಸ್ವಂತ ಕೈಯಿಂದ ಮೂರು ಸಾಮಾನು ಮಾಡಬೇಕು: ಕರೆಂಟೇ ಬೇಡದ ಒಂದು ರೇಡಿಯೊ, ಒಂದೇ ವಾಲ್ವಿನ ಒಂದು ರೇಡಿಯೊ, ಆಮೇಲೆ ಒಂದು ಆಂಪ್ಲಿಫೈಯರು. ಅಲ್ಲಿಯವರೆಗೆ ಗಿರಾಕಿಯ ರೇಡಿಯೊ ಮುಟ್ಟುವಂತಿಲ್ಲ. ಅಪ್ಪನದು ಬೇರೆಯೇ ಶರತ್ತು. "ಕಲಿ. ಆದ್ರೆ ನಿನ್ನಿಂದ ಸಾಬರ ಅಂಗಡಿಗೆ ಕೆಟ್ಟ ಹೆಸರು ಬಂತೋ, ಮಾರನೇ ದಿನದಿಂದ ಕಾಜಾ ಗುಂಡಿ ಹಾಕ್ತಾ ನನ್ನ ಅಂಗಡೀಲಿ ಕೂರ್ಬೇಕು."

ಕಾಜಾ ಗುಂಡಿಯ ಕೆಲಸ ನನಗೆ ಜನ್ಮದಲ್ಲಿ ಹಿಡಿಸದು. ಹಾಗಾಗಿ ಬಹಳ ಹುಷಾರಾಗಿ ಶುರುಮಾಡಿದೆ.

ಕರೆಂಟಿಲ್ಲದ ರೇಡಿಯೊ ಎಂದರೆ ಒಂದು ಕಾಯಿಲು, ಒಂದು ಡಯೋಡು, ಕಿವಿಗೆ ಇಟ್ಟುಕೊಳ್ಳುವ ಹೆಡ್‌ಫೋನು, ಉದ್ದನೆಯ ಏರಿಯಲ್ಲು, ನೆಲಕ್ಕೆ ಹೂತ ಒಂದು ತಂತಿ, ಇಷ್ಟೇ. ಬಟ್ಟೆಯ ಥಾನಿನೊಳಗೆ ಬರುವ ರಟ್ಟಿನ ಕೊಳವೆಯ ಮೇಲೆ ತಾಮ್ರದ ತಂತಿ ಸುತ್ತಿ ಕಾಯಿಲು ಮಾಡಿದೆ. ಏರಿಯಲ್ಲಿಗೆ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ತಂತಿ ಸಿಕ್ಕಿತು. ನೆಲದ ತಂತಿಯ ಸುತ್ತ ಮಣ್ಣು ಒದ್ದೆಯಾಗಿರಬೇಕು ಎಂದು ಸಾಬರು ಹೇಳಿದ್ದರಿಂದ ದಿನಾ ಬೆಳಿಗ್ಗೆ ಅದಕ್ಕೆ ಒಂದು ಚೊಂಬು ನೀರು ಹಾಕುತ್ತಿದ್ದೆ. ಅಜ್ಜಿ ಒಂದು ವಾರ ಸುಮ್ಮನೆ ನೋಡಿದಳು. ಆಮೇಲೆ ತಡೆಯಲಾಗಲಿಲ್ಲ.

"ತಂತಿಗೆ ನೀರು ಹಾಕ್ತೀಯಲ್ಲೇ ರತ್ನಿ, ಚಿಗುರ್ತೈತೇನೇ?"

ಚಿಗುರಿತು. ಒಂದು ಬೆಳಿಗ್ಗೆ ಹೆಡ್‌ಫೋನಿನಲ್ಲಿ, ಗೋಡೆಯಾಚೆ ಯಾರೋ ಪಿಸುಗುಟ್ಟಿದ ಹಾಗೆ ಭದ್ರಾವತಿ ಸ್ಟೇಷನ್ನು ಕೇಳಿಸಿತು. ನಾನು ಕೂಗಿಕೊಂಡು ಅಜ್ಜಿಯ ಕಿವಿಗೆ ಹೆಡ್‌ಫೋನು ಹಚ್ಚಿದೆ. ಅಜ್ಜಿ ಸ್ವಲ್ಪ ಹೊತ್ತು ಕೇಳಿ, "ಪಾಪ, ಯಾರೋ ಗಂಟಲು ಕಟ್ಟಿದೋರು" ಎಂದಳು. ಅಷ್ಟರಲ್ಲಿ ಅಮ್ಮ ಹಿತ್ತಲಿಗೆ ಹೋಗಿ ಒದ್ದೆ ಕಂಬಳಿಯನ್ನು ಏರಿಯಲ್ಲಿನ ಮೇಲೆ ಹರವಿದಳು. ಗಂಟಲು ಕಟ್ಟಿದವರು ಪೂರ್ತಿ ಸುಮ್ಮನಾದರು.

ಎರಡನೆಯ ಸಾಮಾನಿಗೆ ವಾಲ್ವು, ಅಂದರೆ ಆ ಹೊಳೆಯುವ ಗಾಜಿನ ಬುರುಡೆ, ಅರ್ಥವಾಗಬೇಕಿತ್ತು. ಸಾಬರು ಕೊಟ್ಟ ಪುಸ್ತಕದಲ್ಲಿದ್ದ ಚಿತ್ರ ನೋಡಿದರೆ ನನಗೆ ರಂಗೋಲಿಯಂತೆ ಕಾಣುತ್ತಿತ್ತು. ಸಾಬರು ನನ್ನನ್ನು ಕರೆದುಕೊಂಡು ಹೋಗಿ ಬಸ್‌ಸ್ಟಾಂಡಿನಲ್ಲಿ ನಿಲ್ಲಿಸಿದರು. ಆನವಟ್ಟಿ ಬಸ್ಸು ಬಂತು. ಜನ ನುಗ್ಗಿದರು. ಕಂಡಕ್ಟರು ಬಾಗಿಲಲ್ಲಿ ನಿಂತಿದ್ದ.

"ನೋಡು. ಬಿಸಿಲಿಗೆ ಕಾದು ಕುದೀತಿರೋ ಈ ಜನ ಐತಲ್ಲ, ಅದು ಬಿಸಿ ತಂತಿಯಿಂದ ಹಾರೋ ಎಲೆಕ್ಟ್ರಾನು. ಬಸ್ಸಿನೊಳಗಿನ ಸೀಟು ಐತಲ್ಲ, ಅದು ಪ್ಲೇಟು. ಎಲ್ರನ್ನೂ ಎಳೀತೈತಿ. ನಡುವೆ ನಿಂತ ಕಂಡಕ್ಟರು ಗ್ರಿಡ್ಡು. ಅವ್ನು ಕೈ ಇಷ್ಟೇ ಇಷ್ಟು ಅಡ್ಡ ಇಟ್ರೂ ಇಡೀ ಜಾತ್ರೆ ನಿಲ್ತೈತಿ. ಕೈ ತೆಗೆದ್ರೆ ಇಡೀ ಜಾತ್ರೆ ಒಳಗೆ. ಸಣ್ಣ ಕೈ ಆಡಿದಂಗೆ ದೊಡ್ಡ ಗುಂಪು ಆಡ್ತೈತಿ. ಅದೇ ವಾಲ್ವು."

ಮುಂದೆ ಎಷ್ಟೋ ವರ್ಷ ನಾನು ವಿದ್ಯಾರ್ಥಿಗಳಿಗೆ ಹೀಗೇ ಪಾಠ ಮಾಡಿದೆ. ಪರೀಕ್ಷೆಯಲ್ಲಿ ಒಬ್ಬ ಹುಡುಗ ಗ್ರಿಡ್ ಎಂದು ಬರೆಯುವ ಕಡೆಯೆಲ್ಲ ಕಂಡಕ್ಟರ್ ಎಂದು ಬರೆದಿಟ್ಟ. ನಮ್ಮ ವಿಷಯದಲ್ಲಿ ಕಂಡಕ್ಟರ್ ಎಂದರೆ ಕರೆಂಟು ಹರಿಯಬಿಡುವ ವಸ್ತು ಎಂಬ ಬೇರೆಯೇ ಅರ್ಥವಿರುವುದರಿಂದ, ಹೊರಗಿನಿಂದ ಬಂದ ಪರೀಕ್ಷಕರು ಆ ಉತ್ತರ ಓದಿ ತಲೆ ಹಿಡಿದುಕೊಂಡರಂತೆ.

ವಾಲ್ವ್ ಸೆಟ್ಟಿನೊಳಗೆ ಮನೆಯ ಕರೆಂಟಿಗಿಂತ ಜೋರಾದ ಕರೆಂಟು ಓಡಾಡುತ್ತದೆ. ಎರಡೂ ಕೈ ತಾಗಿದರೆ ಅದು ಎದೆಯ ಮೂಲಕ ಹಾದುಹೋಗುತ್ತದೆ. ಅದಕ್ಕೆ ಸಾಬರ ನಿಯಮ: ಸೆಟ್ಟು ಆನ್ ಇದ್ದಾಗ ಎಡಗೈ ಜೇಬಿನಲ್ಲಿರಬೇಕು. ನನ್ನ ಲಂಗಕ್ಕೆ ಜೇಬೆಲ್ಲಿಯದು? ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರೆ ಮರೆತು ಮುಂದೆ ಬರುತ್ತಿತ್ತು. ಒಂದು ದಿನ ಸರಿಯಾಗಿ ಶಾಕ್ ಹೊಡೆಸಿಕೊಂಡು ಸ್ಟೂಲಿನ ಸಮೇತ ಬಿದ್ದೆ. ಅಪ್ಪ ಓಡಿ ಬಂದು ನೋಡಿದರು. ಬೈಯುತ್ತಾರೆ, ಇವತ್ತಿಗೆ ಮುಗಿಯಿತು ಎಂದುಕೊಂಡೆ. ಅವರು ಕೊರಳ ಟೇಪು ತೆಗೆದು ನನ್ನ ಎಡಗೈ ಅಳೆದುಕೊಂಡು ಹೋದರು. ಮಾರನೇ ದಿನ ನನ್ನ ಎರಡೂ ಲಂಗಗಳ ಎಡಬದಿಗೆ ಪ್ಯಾಂಟಿನ ಬಟ್ಟೆಯ ಗಟ್ಟಿ ಜೇಬು ಬಂದಿತ್ತು. ಶಿಕಾರಿಪುರದಲ್ಲಿ ಲಂಗಕ್ಕೆ ಜೇಬಿದ್ದ ಹುಡುಗಿ ಬಹುಶಃ ನಾನೊಬ್ಬಳೇ. ಗೆಳತಿಯರು ಅದರಲ್ಲಿ ಹುಣಸೆಹಣ್ಣು ಇಟ್ಟುಕೊಳ್ಳಲು ನನ್ನನ್ನು ಜೊತೆಗೆ ಕರೆಯತೊಡಗಿದರು.

ಕೊನೆಗೂ ಒಂದೇ ವಾಲ್ವಿನ ರೇಡಿಯೊ ತಯಾರಾಯಿತು. ಗುಜರಿಗೆ ಹೋಗಬೇಕಿದ್ದ ಸೆಟ್ಟಿನ ಟ್ರಾನ್ಸ್‌ಫಾರ್ಮರು, ಅದರದ್ದೇ ಒಂದು ವಾಲ್ವು, ಕಾಯಿಲಿನ ಪಕ್ಕ ಇನ್ನೊಂದು ಪುಟ್ಟ ಕಾಯಿಲು. ವಾಲ್ವಿನಿಂದ ಹೊರಬಂದ ರೇಡಿಯೊ ಅಲೆಯಲ್ಲಿ ಸ್ವಲ್ಪವನ್ನು ಈ ಪುಟ್ಟ ಕಾಯಿಲು ಮತ್ತೆ ವಾಲ್ವಿಗೇ ಕಳಿಸುತ್ತದೆ. ಹೀಗೆ ಸುತ್ತಿ ಸುತ್ತಿ ದೂರದ ಸ್ಟೇಷನ್ನೂ ಜೋರಾಗಿ ಕೇಳುತ್ತದೆ. ಎಷ್ಟು ವಾಪಸು ಕಳಿಸಬೇಕೆಂದು ನಿರ್ಧರಿಸಲು ಒಂದು ತಿರುಪು. ತಿರುಪು ತಿರುಗಿಸಿದಷ್ಟೂ ಜೋರು ಎಂದು ನನಗೆ ಗೊತ್ತಾಯಿತು. ಹೆಚ್ಚು ತಿರುಗಿಸಿದರೆ ಏನಾಗುತ್ತದೆ ಎಂದು ಸಾಬರು ಇನ್ನೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ದಿನಾ ಸಂಜೆ ವಾರ್ತೆಯ ಹೊತ್ತಿಗೆ ಮನೆಯ ಹಿಂದಿನ ಕೋಣೆಯಲ್ಲಿ ಕಿವಿ ಮುಚ್ಚುವ ಹೆಡ್‌ಫೋನು ಹಾಕಿಕೊಂಡು ಕೂರುತ್ತಿದ್ದೆ. ಒಂದು ವಾರವೂ ಆಗಿರಲಿಲ್ಲ, ಎದುರು ಕಿರಾಣಿ ಅಂಗಡಿಯ ಶಾಂತವೀರಪ್ಪನವರು ತಮ್ಮ ದೊಡ್ಡ ರೇಡಿಯೊವನ್ನು ಕಂಕುಳಲ್ಲಿ ಇಟ್ಟುಕೊಂಡು ಸಾಬರ ಅಂಗಡಿಗೆ ಬಂದರು. ತೊಗರ್ಸಿಯಿಂದ ಬಂದು ಶಿಕಾರಿಪುರದಲ್ಲಿ ನೆಲೆಸಿದವರು, ಮಾತು ಜೋರು.

"ಸಾಬ್ರೇ, ಹೋದ ತಿಂಗಳು ನೀವೇ ರಿಪೇರಿ ಮಾಡೀರಿ. ಈಗ ಸಂಜಿ ಆತಂದ್ರ ಇದು ಸಿಳ್ಳಿ ಹೊಡೀತೈತ್ರಿ. ವಾರ್ತೆ ಓದೋರು ಬಾಯಿ ತೆಗೆದ್ರೆ ಸಾಕು, ಕುಂಯ್ ಅಂತೈತಿ."

ಸಾಬರು ಹಚ್ಚಿ ನೋಡಿದರು. ಬೆಳಗಿನ ಹೊತ್ತು. ರೇಡಿಯೊ ಸ್ವಚ್ಛವಾಗಿ ಹಾಡಿತು. ಮಾರನೇ ದಿನ ಇನ್ನೊಬ್ಬರು ಬಂದರು, ಅದೇ ದೂರು. ಆಮೇಲೆ ಸಾಲಾಗಿ ಬಂದರು. ಸಾಬರು ವಾಲ್ವು ಬದಲಿಸಿದರು, ಕಾಯಿಲು ಬದಲಿಸಿದರು, ಗಡ್ಡ ಕೆರೆದುಕೊಂಡರು. ಅಂಗಡಿಯಲ್ಲಿ ಬಾಯಿಬಿಡದ ಶಿಳ್ಳೆ ಗಿರಾಕಿಯ ಮನೆಯಲ್ಲಿ ಸಂಜೆಗೆ ಹಾಜರು. ಶಾಂತವೀರಪ್ಪನವರ ತಾಯಿ ರೇಡಿಯೊಕ್ಕೆ ವಿಭೂತಿ ಹಚ್ಚಿ, ಮೇಲೆ ನಿಂಬೆಹಣ್ಣು ಕಟ್ಟಿದರು. ಸಾಬರು ರಿಪೇರಿ ಮಾಡಿದ ರೇಡಿಯೊಗಳಿಗೆ ಏನೋ ಸೇರಿಕೊಳ್ಳುತ್ತದೆ ಎಂದು ಸುದ್ದಿ ಹಬ್ಬಿತು. ಅಂಗಡಿಗೆ ಬರುವವರು ಕಡಿಮೆಯಾದರು. ಸಾಬರ ಊಟವೂ ಕಡಿಮೆಯಾಯಿತು.

ನನಗೂ ಸಂಕಟವೇ. ನನ್ನ ಸೆಟ್ಟಿನಲ್ಲೂ ಸಂಜೆ ಶಿಳ್ಳೆ ಕೇಳುತ್ತಿತ್ತು. ಬೀದಿಗೆ ಬಂದ ರೋಗ ನನ್ನ ಸೆಟ್ಟಿಗೂ ಅಂಟಿತಲ್ಲ ಎಂದು ಮರುಗಿ, ಶಿಳ್ಳೆಯ ನಡುವೆಯೂ ವಾರ್ತೆ ಕೇಳಲಿ ಎಂದು ತಿರುಪನ್ನು ಇನ್ನಷ್ಟು ತಿರುಗಿಸುತ್ತಿದ್ದೆ.

ಕೊನೆಗೆ ಒಂದು ಸಂಜೆ ಸಾಬರು ಒಂದು ಸಣ್ಣ ಟ್ರಾನ್ಸಿಸ್ಟರ್ ಕೈಯಲ್ಲಿ ಹಿಡಿದು ಬೀದಿಗಿಳಿದರು. ಆ ಸೆಟ್ಟನ್ನು ಸುತ್ತ ತಿರುಗಿಸಿದರೆ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ತಿಳಿಯುತ್ತದೆ. ನಾನೂ ಬರುತ್ತೇನೆ ಎಂದೆ. "ಬ್ಯಾಡ, ನೀನು ಮನೀಗೆ ಹೋಗು, ಬಯ್ಯೋರು ನನಗೇ ಬಯ್ಲಿ" ಎಂದರು. ಮನೆಗೆ ಬಂದು, ಬೇಸರಕ್ಕೆ ಹೆಡ್‌ಫೋನು ಹಾಕಿಕೊಂಡೆ.

ಹೊರಗೆ ನಡೆದದ್ದನ್ನು ಆಮೇಲೆ ಅಪ್ಪ ಹೇಳಿದರು. ಸಾಬರು ದೇವರ ಪಲ್ಲಕ್ಕಿಯ ಮುಂದೆ ನಡೆಯುವವರಂತೆ ಟ್ರಾನ್ಸಿಸ್ಟರನ್ನು ಎದೆಗೆ ಹಿಡಿದು ಮೆಲ್ಲಗೆ ಹೆಜ್ಜೆ ಹಾಕುತ್ತಿದ್ದರಂತೆ. ಹಿಂದೆ ಶಾಂತವೀರಪ್ಪ, ಅವರ ಹಿಂದೆ ಅರ್ಧ ಬೀದಿ. ಮಸೀದಿಯ ಕಡೆ ತಿರುಗಿದರೆ ಶಿಳ್ಳೆ ಸಣ್ಣಗಾಯಿತು. ವಾಪಸು ಬಂದರೆ ದೊಡ್ಡದಾಯಿತು. ಸಾಬರ ಸ್ವಂತ ಅಂಗಡಿಯ ಮುಂದೆ ಕಿವಿ ಗಡಚಿಕ್ಕಿತು. "ನೋಡ್ರಿ, ನೋಡ್ರಿ, ಇವ್ರ ಅಂಗಡ್ಯಾಗೇ ಐತಿ!" ಎಂದು ಶಾಂತವೀರಪ್ಪ ಕೂಗಿದರು. ಸಾಬರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಅಪ್ಪನ ಅಂಗಡಿ. ಅದರ ಪಕ್ಕದ ಓಣಿ. ನಮ್ಮ ಹಿತ್ತಲು.

ನನ್ನ ಕೋಣೆಯ ಬಾಗಿಲು ತೆರೆದದ್ದು ನನಗೆ ಕೇಳಿಸಲಿಲ್ಲ. ಯಾರೋ ಹೆಡ್‌ಫೋನು ಎಳೆದರು. ತಿರುಗಿ ನೋಡಿದರೆ ಕಿಟಕಿ ತುಂಬ ಮುಖಗಳು. ಸಾಬರ ಕೈಯಲ್ಲಿ ಟ್ರಾನ್ಸಿಸ್ಟರು ಒದರುತ್ತಿತ್ತು.

"ಆ ಟ್ಯೂನಿಂಗ್ ಗುಂಡಿ ಸ್ವಲ್ಪ ತಿರುಗಿಸು ರತ್ನಾ."

ತಿರುಗಿಸಿದೆ. ಟ್ರಾನ್ಸಿಸ್ಟರಿನ ಶಿಳ್ಳೆ ಮೇಲಕ್ಕೇರಿತು. ಅದರ ಜೊತೆಗೇ ಎದುರು ಮನೆಯ ರೇಡಿಯೊ, ಪಕ್ಕದ ಮನೆಯ ರೇಡಿಯೊ, ಮೂಲೆಯ ಹೋಟೆಲಿನ ರೇಡಿಯೊ, ಎಲ್ಲವೂ ಒಟ್ಟಿಗೆ ಮೇಲಕ್ಕೇರಿದವು.

"ಈಗ ಈ ಕಡೆ."

ಬೀದಿಗೆ ಬೀದಿಯೇ ಸ್ವರ ಇಳಿಸಿತು. ನನ್ನ ಕೈ ನಡುಗಿತು. ಬೀದಿಯೂ ನಡುಗಿತು.

ಸಾಬರು ಮಂಚದ ಮೇಲೆ ಕೂತುಬಿಟ್ಟರು. ಮೊದಲು ಅವರ ಹೊಟ್ಟೆ ಅಲುಗಿತು, ಆಮೇಲೆ ಗಡ್ಡ, ಆಮೇಲೆ ನಗು ಹೊರಬಂತು. ಎಷ್ಟೋ ದಿನಗಳ ಮೇಲೆ ನಕ್ಕ ನಗು ಅದು, ಕಣ್ಣಲ್ಲಿ ನೀರು ಬಂದರೂ ನಿಲ್ಲಲಿಲ್ಲ. "ನಿಂಗಪ್ಪಾ, ನಾನು ಇವಳಿಗೆ ರೇಡಿಯೊ ಮಾಡು ಅಂದ್ರೆ ಇವಳು ಸ್ಟೇಷನ್ನೇ ಮಾಡಿಟ್ಟಾಳೆ!"

ತಿರುಪು ಹೆಚ್ಚಾದರೆ ನನ್ನ ಸೆಟ್ಟು ಕೇಳುವುದನ್ನು ಬಿಟ್ಟು ತಾನೇ ಅಲೆ ಬಿಡತೊಡಗುತ್ತದೆ. ಅದು ನಿಜವಾದ ಸ್ಟೇಷನ್ನಿನ ಅಲೆಗೆ ಡಿಕ್ಕಿ ಹೊಡೆದು ಸುತ್ತಲಿನ ಎಲ್ಲ ರೇಡಿಯೊಗಳಲ್ಲೂ ಶಿಳ್ಳೆಯಾಗುತ್ತದೆ. ಇದನ್ನು ಸಾಬರು ಜನರಿಗೆ ವಿವರಿಸುತ್ತಿದ್ದಂತೆ ಶಾಂತವೀರಪ್ಪನವರು ಹೊಸ ತಕರಾರು ತೆಗೆದರು. "ರೇಡಿಯೊ ಇಟ್ಕೊಳ್ಳಾಕೇ ಲೈಸೆನ್ಸ್ ಬೇಕು. ಇದು ಸ್ಟೇಷನ್ನು! ಪೊಲೀಸರು ಬಂದ್ರೆ ಹುಡುಗಿನ್ನ ಒಯ್ತಾರೆ!" ಅಮ್ಮ ಅಳತೊಡಗಿದಳು. ನಾನು ಕಾಜಾ ಗುಂಡಿಗಳನ್ನು ಕಣ್ಣ ಮುಂದೆ ನೋಡುತ್ತ ನಿಂತಿದ್ದೆ. ಸಾಬರ ಅಂಗಡಿಗೆ ಕೆಟ್ಟ ಹೆಸರು ಬಂದಾಗಿತ್ತು, ಅದೂ ನನ್ನಿಂದಲೇ.

ಅಪ್ಪ ಮಾತ್ರ ಬೇರೇನೋ ಯೋಚಿಸುತ್ತಿದ್ದರು. "ಒಂದೇ ಒಂದು ಬುರುಡೇಲಿ ಇಡೀ ಬೀದಿಗೆ ಕೇಳಿಸಿದ್ಲಾ?" ಎಂದು ಸಾಬರನ್ನು ಮೆಲ್ಲಗೆ ಕೇಳಿದರು.

"ಒಂದೇ ಬುರುಡೆ."

"ಹಂಗಾರೆ ಕಲೀಲಿ ಬಿಡ್ರಿ" ಎಂದರು ಅಪ್ಪ. ಮುಂದೆ ಅಳತೆ ಕೊಡಲು ಬಂದ ಗಿರಾಕಿಗಳಿಗೆಲ್ಲ, ಟೇಪು ಅವರ ಕುತ್ತಿಗೆಯ ಸುತ್ತ ಇರುವಾಗಲೇ, ನನ್ನ ಮಗಳು ಸ್ಟೇಷನ್ ಮಾಡಿದ್ದಳು ಎಂದು ಹೇಳುವುದು ಅವರ ಅಭ್ಯಾಸವಾಯಿತು. ಗಿರಾಕಿ ಓಡಿಹೋಗುವಂತಿರಲಿಲ್ಲ.

ಮಾರನೇ ದಿನ ಸಾಬರು ನನ್ನನ್ನು ಮನೆಮನೆಗೆ ಕಳಿಸಿದರು. ಪ್ರತಿ ಮನೆಯಲ್ಲೂ ನಡೆದದ್ದನ್ನು ವಿವರಿಸಿ ತಪ್ಪಾಯಿತು ಎನ್ನಬೇಕು, ರೇಡಿಯೊ ಹಚ್ಚಿ ಸರಿ ಇದೆ ಎಂದು ತೋರಿಸಿ ಬರಬೇಕು. ಹೋದ ಕಡೆಯಲ್ಲೆಲ್ಲ ಟೀ ಕೊಟ್ಟರು, ಜೊತೆಗೆ ಕೆಟ್ಟ ಟಾರ್ಚು, ನಿಂತ ಗಡಿಯಾರ, ಕಾಯದ ಇಸ್ತ್ರಿ ಪೆಟ್ಟಿಗೆಯನ್ನೂ ಕೊಟ್ಟು ಕಳಿಸಿದರು. ಶಾಂತವೀರಪ್ಪನವರ ತಾಯಿ ಮಾತ್ರ ನಿಂಬೆಹಣ್ಣು ಬಿಚ್ಚಲು ಒಪ್ಪಲಿಲ್ಲ. "ಇದು ಕಟ್ಟಿದ ಮ್ಯಾಲೇ ಅಲ್ಲೇನು ನೀ ಸಿಕ್ಕಿಬಿದ್ದದ್ದು?" ಎಂದರು. ನಾನು ಟೀ ಮುಗಿಸಿ ಮುಂದಿನ ಮನೆಗೆ ನಡೆದೆ. ಅವತ್ತು ಸಂಜೆ ಸಾಬರು ಪುಟ್ಟ ಕಾಯಿಲಿನ ಕೆಲವು ಸುತ್ತು ಬಿಚ್ಚಿಸಿ, ಶಿಳ್ಳೆ ಶುರುವಾಗುವುದಕ್ಕೆ ಕೂದಲೆಳೆಯಷ್ಟು ಮುಂಚೆ ತಿರುಪು ನಿಲ್ಲಿಸುವುದನ್ನು ಕಲಿಸಿದರು. ಸೆಟ್ಟು ಎಲ್ಲಕ್ಕಿಂತ ಚೆನ್ನಾಗಿ ಕೇಳುವುದು ಅಲ್ಲೇ.

ಕೆಲವು ವರ್ಷಗಳ ಮೇಲೆ, ಸಾಬರ ಮೂರನೆಯ ಸಾಮಾನನ್ನೂ ಮುಗಿಸಿ, ಓದು ಮುಂದುವರಿಸಿ, ನಾನು ಸೊರಬದ ಒಂದು ತರಬೇತಿ ಕೇಂದ್ರದಲ್ಲಿ ರೇಡಿಯೊ ವಿಭಾಗದ ಬೋಧಕಿಯಾದೆ. ಅಲ್ಲಿನ ಪ್ರಾಚಾರ್ಯರು ಗುರುಬಸಪ್ಪನವರು. ಲೇತ್ ಮಿಷನ್ನಿನ ಕಡೆಯಿಂದ ಬಂದವರು, ಒಳ್ಳೆಯವರು, ಆದರೆ ಕಣ್ಣಿಗೆ ಕಾಣದ ಕರೆಂಟಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ವಾಲ್ವುಗಳು ಮುಗಿದಿವೆ, ತರಿಸಿಕೊಡಿ ಎಂದು ನಾನು ಕೇಳಿದೆ. ತಿಂಗಳುಗಟ್ಟಲೆ ಕಾದ ಮೇಲೆ ಪೆಟ್ಟಿಗೆ ಬಂತು. ಇಬ್ಬರು ಹೊತ್ತು ತಂದರು. ಗಾಜಿನ ಸಾಮಾನು ಇಷ್ಟು ಭಾರವೇಕೆ ಎಂದು ತೆರೆದು ನೋಡಿದರೆ ಒಳಗೆ ನೀರಿನ ಪೈಪಿಗೆ ಹಾಕುವ ಹಿತ್ತಾಳೆಯ ವಾಲ್ವುಗಳು.

ಪ್ರಾಚಾರ್ಯರು ಒಂದನ್ನು ಕೈಗೆತ್ತಿಕೊಂಡು ತೂಗಿ ನೋಡಿದರು. "ಮಾಲು ಚೆನ್ನಾಗಿದೆಯಲ್ರೀ ನಾಗರತ್ನಮ್ಮ. ಇನ್ನೇನು ಬೇಕು ನಿಮಗೆ?"

"ಸಾರ್, ನಂಗೆ ಬೇಕಾದ್ದು ರೇಡಿಯೊ ವಾಲ್ವು. ಒಳಗೆ ಏನೂ ಇರಲ್ಲ, ಗಾಳೀನೂ ಇರಲ್ಲ."

"ಗಾಳೀನೂ ಇಲ್ಲದ ಸಾಮಾನು ಬೇಕು ಅಂತ ನಾನು ಮೇಲಿನವರಿಗೆ ಹೇಗ್ರೀ ಬರೀಲಿ? ನನ್ನ ತಲೆ ಒಳಗೆ ಏನಿದೆ ಅಂತ ಕೇಳ್ತಾರೆ."

ಹಿತ್ತಾಳೆಯ ವಾಲ್ವುಗಳು ಕೇಂದ್ರದ ತೋಟಕ್ಕೆ ಹೋದವು. ಆ ವರ್ಷ ದಾಸವಾಳ ಬಹಳ ಚೆನ್ನಾಗಿ ಬಂತು. ನಾನು ಶಿಕಾರಿಪುರಕ್ಕೆ ಹೋಗಿ ಸಾಬರ ಮುಂದೆ ಗೋಳಾಡಿದೆ. ಅವರು ಹಳೆಯ ಸೆಟ್ಟುಗಳಿಂದ ಕಿತ್ತ ಒಂದು ಬುಟ್ಟಿ ವಾಲ್ವುಗಳನ್ನು, ಒಂದೊಂದಕ್ಕೂ ಹತ್ತಿ ಸುತ್ತಿ, ಕೋಳಿಮೊಟ್ಟೆ ಕೊಡುವಂತೆ ಕೊಟ್ಟು ಕಳಿಸಿದರು.

ಅದೇ ವಾಲ್ವುಗಳಿಂದ ನನ್ನ ವಿದ್ಯಾರ್ಥಿಗಳು ಒಂದು ಆಂಪ್ಲಿಫೈಯರು ಕಟ್ಟಿದರು. ಅದರ ಮೊದಲ ಪ್ರಯೋಗಕ್ಕೆ ಒದಗಿದ್ದು ಗುರುಬಸಪ್ಪನವರ ನಿವೃತ್ತಿ ಸಮಾರಂಭ. ಮಧ್ಯಾಹ್ನದ ಹೊತ್ತು, ಶಾಮಿಯಾನ, ಮರಕ್ಕೆ ಕಟ್ಟಿದ ಧ್ವನಿವರ್ಧಕದ ಹಾರ್ನು. ಮೊದಲ ಭಾಷಣಕಾರರು ಎದ್ದರು.

"ನಮ್ಮ ಪ್ರಾಚಾರ್ಯರ ಗುಣಗಳನ್ನು ಎಷ್ಟು ಹೇಳಿದರೂ ಸಾಲದು" ಎಂದು ಅವರು ಉಸಿರೆಳೆದುಕೊಂಡಾಗ ಹಾರ್ನಿನಿಂದ ಸ್ಪಷ್ಟವಾಗಿ ಇನ್ನೊಂದು ದನಿ ಬಂತು. "ಇವು ಕಾಯಿಯ ಒಳಗೇ ಇದ್ದು ತಿರುಳನ್ನು ತಿನ್ನುತ್ತವೆ."

ಸಭೆ ಗೊಳ್ಳೆಂದಿತು. ಭಾಷಣಕಾರರು ಗಂಟಲು ಸರಿಮಾಡಿಕೊಂಡು, "ಇಂಥವರು ನಮ್ಮನ್ನು ಬಿಟ್ಟು ಹೋಗುತ್ತಿರುವ ಈ ಗಳಿಗೆಯಲ್ಲಿ" ಎಂದರು. "ಬೇವಿನ ಕಷಾಯವನ್ನು ಸಿಂಪಡಿಸಬೇಕು" ಎಂದಿತು ಹಾರ್ನು.

ನಾನು ಓಡಿದೆ. ಮೈಕಿನ ಉದ್ದನೆಯ ತಂತಿ ಏರಿಯಲ್ಲಾಗಿಬಿಟ್ಟಿತ್ತು. ಅದರ ಹೊರಗಿನ ಜಾಲರಿ ಪೆಟ್ಟಿಗೆಗೆ ಸೇರುವಲ್ಲಿ ಬೆಸುಗೆ ಬಿಟ್ಟಿತ್ತು. ಬದನೆಕಾಯಿಯ ಹುಳುವಿನ ಬಗ್ಗೆ ಹೇಳುತ್ತಿದ್ದ ರೇಡಿಯೊದ ರೈತರ ಕಾರ್ಯಕ್ರಮವನ್ನು ನಮ್ಮ ಮೊದಲ ವಾಲ್ವು ಸಲೀಸಾಗಿ ಹಿಡಿದು ದೊಡ್ಡದು ಮಾಡುತ್ತಿತ್ತು. ಜಾಲರಿಯನ್ನು ಹೆಬ್ಬೆರಳಿನಿಂದ ಪೆಟ್ಟಿಗೆಗೆ ಒತ್ತಿ ಹಿಡಿದೆ. ರೈತರ ಕಾರ್ಯಕ್ರಮ ನಿಂತಿತು. ಬಿಟ್ಟರೆ ಮತ್ತೆ ಬಂತು. ಬೆಸುಗೆ ಹಾಕಬೇಕೆಂದರೆ ಮೈಕು ನಿಲ್ಲಿಸಬೇಕು. ಸಾಲಾಗಿ ಕೂತ ಭಾಷಣಕಾರರು ಅದಕ್ಕೆ ಬಿಡಲಿಲ್ಲ. ಹೀಗಾಗಿ ನಾನು ಸಮಾರಂಭವಿಡೀ ವೇದಿಕೆಯ ಪಕ್ಕ ನೆಲದ ಮೇಲೆ ಕೂತು ಹೆಬ್ಬೆರಳು ಒತ್ತಿ ಹಿಡಿದಿದ್ದೆ. ನನ್ನ ಸರದಿ ಬಂದಾಗ ಹೆಸರು ಕೂಗಿದರು. ನಾನು ಅರ್ಧ ಎದ್ದೆ.

"ಮೇಡಂ, ಏಳಬ್ಯಾಡಿ! ನೀವು ಎದ್ರೆ ಬದನೆಕಾಯಿ ಬರ್ತೈತೆ!" ಎಂದು ಹಿಂದಿನ ಸಾಲಿನ ಹುಡುಗರು ಒಟ್ಟಾಗಿ ಕೂಗಿದರು.

ಕೂತಲ್ಲೇ ಕೈಮುಗಿಯಲೂ ಆಗದೆ ತಲೆಯಾಡಿಸಿದೆ. ಕೊನೆಗೆ ಗುರುಬಸಪ್ಪನವರು ಮೈಕಿನ ಮುಂದೆ ಬಂದರು. ಅವರ ಮುಖ ಗಂಭೀರವಾಗಿತ್ತು. ಅವರು ಸಭೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೇಳಿದರು: "ಇಷ್ಟು ಹೊತ್ತು ನನ್ನ ಬಗ್ಗೆ ಬಹಳ ಜನ ಮಾತಾಡಿದಿರಿ. ಮನೆಗೆ ಹೋಗಿ ನನಗೆ ಉಪಯೋಗಕ್ಕೆ ಬರೋದು ಆ ಬೇವಿನ ಕಷಾಯದ ವಿಷಯ ಒಂದೇ. ನಾಗರತ್ನಮ್ಮ, ಒಂದು ನಿಮಿಷ ಕೈ ಬಿಡ್ರೀ, ಎಷ್ಟು ಲೀಟರಿಗೆ ಎಷ್ಟು ಅಂತ ಕೇಳೋಣ."

ಬಿಟ್ಟೆ. ಇಡೀ ಸಭೆ ಬದನೆಕಾಯಿಯ ಪಾಠವನ್ನು ಕೊನೆಯವರೆಗೂ ಕೇಳಿತು. ಚಪ್ಪಾಳೆಯನ್ನೂ ತಟ್ಟಿತು.

ಆಮೇಲೆ ಎಲ್ಲ ಕಡೆ ಟ್ರಾನ್ಸಿಸ್ಟರೇ ಆಯಿತು, ಐಸಿ ಚಿಪ್ಪು ಬಂತು. ವಾಲ್ವುಗಳು ಪಾಠದ ಪಟ್ಟಿಯಿಂದ ಹೊರಹೋದವು. ನಾನೂ ನಿವೃತ್ತಳಾದೆ. ದಸ್ತಗೀರ್ ಸಾಬರು ತೀರಿಕೊಂಡು ಬಹಳ ಕಾಲವಾಯಿತು. ವಾಲ್ವಿನ ಕಥೆ ಮುಗಿಯಿತು ಎಂದುಕೊಂಡಿದ್ದಾಗ ಕಳೆದ ವರ್ಷ ಇಬ್ಬರು ಬಂದರು: ಈಸೂರಿನ ಸಿಂಚನ, ಆನವಟ್ಟಿಯ ಇರ್ಫಾನ್. ಇಬ್ಬರೂ ಎಂಜಿನಿಯರಿಂಗ್ ಓದುವವರು. ಇರ್ಫಾನ್ ಗಿಟಾರ್ ನುಡಿಸುತ್ತಾನೆ. ವಾಲ್ವ್ ಆಂಪ್ಲಿಫೈಯರಿನಲ್ಲಿ ಗಿಟಾರಿನ ನಾದವೇ ಬೇರೆ ಎಂದು ಎಲ್ಲೋ ನೋಡಿದ್ದನಂತೆ. ವಾಲ್ವುಗಳನ್ನು ಮೊಬೈಲಿನಲ್ಲೇ ತರಿಸಿಕೊಂಡಿದ್ದರು. ಹಿತ್ತಾಳೆಯದು ಬಂದಿರಲಿಲ್ಲ.

ವಾರಕ್ಕೊಮ್ಮೆ ಕೂತು ಕಟ್ಟಿದೆವು. ನಾನು ಹೇಳಿಕೊಟ್ಟದ್ದೂ ಇದೆ, ಬೈಸಿಕೊಂಡದ್ದೂ ಇದೆ. ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ. ನಾವು ಅದನ್ನು ಸ್ಕ್ರೂಡ್ರೈವರಿನಿಂದ ಚಟ್ಟೆಂದು ಕಿಡಿ ಹಾರಿಸಿ ಖಾಲಿ ಮಾಡುತ್ತಿದ್ದೆವು. ಹಾಗೇ ಮಾಡಲು ಹೋದಾಗ ಸಿಂಚನ ನನ್ನ ಕೈ ಹಿಡಿದಳು. "ಆಂಟೀ! ಏನ್ ಮಾಡ್ತಿದೀರಾ? ರೆಸಿಸ್ಟರ್ ಹಚ್ಚಿ ನಿಧಾನಕ್ಕೆ ಖಾಲಿ ಮಾಡಬೇಕು. ಕಣ್ಣಿಗೆ ಕನ್ನಡಕಾನೂ ಇಲ್ಲ!" ಅವಳು ಹೇಳಿದ್ದು ಸರಿ. ನನಗೊಂದು ಪ್ಲಾಸ್ಟಿಕ್ ಕನ್ನಡಕ ತಂದುಕೊಟ್ಟಳು. ಅದನ್ನು ಹಾಕಿಕೊಂಡರೆ ನಾನು ಈಜಲು ಹೊರಟವಳಂತೆ ಕಾಣುತ್ತೇನೆ.

ಮೊನ್ನೆ ಸಂಜೆ ಕೆಲಸ ಮುಗಿಯಿತು. ಸಿಂಚನ ಸ್ವಿಚ್ಚು ಹಾಕಿದಳು. ಇರ್ಫಾನ್ ತಂತಿ ಮೀಟಿದ. ಸದ್ದಿಲ್ಲ. ಮತ್ತೆ ಮೀಟಿದ. ಇಲ್ಲ.

"ಡೆಡ್ ಆಂಟೀ" ಎಂದ ಅವನು, ಮುಖ ಬಾಡಿತು. ಇಬ್ಬರೂ ಮೊಬೈಲು ತೆಗೆದರು. ಸಿಂಚನ ಜೋರಾಗಿ ಓದತೊಡಗಿದಳು: ಟ್ರಾನ್ಸ್‌ಫಾರ್ಮರ್ ಸುಟ್ಟಿರಬಹುದು, ವಾಲ್ವು ಸತ್ತಿರಬಹುದು, ಸಾಕೆಟ್ಟು ಸಡಿಲವಿರಬಹುದು. ಅವಳು ಮುಂದಿನದಕ್ಕೆ ಬರುವಷ್ಟರಲ್ಲಿ, ಇರ್ಫಾನನ ಮೊಣಕೈ ಗಿಟಾರಿಗೆ ತಾಗಿ ಮನೆಯ ಪಾತ್ರೆಗಳೆಲ್ಲ ಝಲ್ಲೆನ್ನುವಂಥ ಸದ್ದು ಬಂತು. ಇಬ್ಬರೂ ಬೆಚ್ಚಿಬಿದ್ದರು.

"ಬಿಸಿ ಆಗ್ಬೇಕಲ್ರೋ ಅದು" ಎಂದೆ.

"ಅಂದ್ರೆ ಇಷ್ಟು ಹೊತ್ತು ಸುಮ್ನೆ ಕಾಯ್ಬೇಕಾ?"

"ಹೌದು, ಕಾಯ್ಬೇಕು."

ಇರ್ಫಾನ್ ತುಂಬ ಹೊತ್ತು ನುಡಿಸಿದ. ಆ ನಾದ ನನಗೂ ಹಿಡಿಸಿತು. ಹೊರಡುವ ಮುಂಚೆ ಸಿಂಚನ ಕೇಳಿದಳು. "ಆಂಟೀ, ಪೂರ್ತಿ ತಣ್ಣಗಾಗ್ಲಿ, ಇನ್ನೊಂದ್ಸಲ ಹಾಕೋಣ. ಕೆಂಪಾಗೋದನ್ನ ನಾನು ನೋಡ್ಲೇ ಇಲ್ಲ."

ತಣ್ಣಗಾಗಲು ಬಿಟ್ಟೆವು. ಚೆನ್ನಾಗಿ ಕಾಣಲಿ ಎಂದು ಅವಳು ಮನೆಯ ದೀಪಗಳನ್ನೆಲ್ಲ ಆರಿಸಿ ಬಂದಳು. ಮೊಬೈಲುಗಳನ್ನು ಬೋರಲು ಹಾಕಿದರು. ಸ್ವಿಚ್ಚು ಒತ್ತಿ ಮೂವರೂ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತೆವು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಗಾಜಿನ ನಡುವೆ ಕುಂಕುಮದ ಗೆರೆಯಷ್ಟು ಕೆಂಪು ಮೂಡಿತು.

ಪಕ್ಕದ ಮನೆಯ ಸಾವಿತ್ರಮ್ಮ ಬಾಗಿಲಲ್ಲಿ ಇಣುಕಿದರು. "ಏನ್ರೀ ನಾಗರತ್ನಮ್ಮ, ನಿಮ್ಮನೇಲಿ ಮಾತ್ರ ಕರೆಂಟ್ ಹೋಯ್ತಾ?"

ಸಿಂಚನ ತಿರುಗದೆಯೇ ಕೈಸನ್ನೆ ಮಾಡಿ ಅವರನ್ನು ಕರೆದಳು.

"ಇಲ್ಲಾಂಟೀ, ಬನ್ನಿ ಕೂತ್ಕೊಳ್ಳಿ. ಈಗ ಬರ್ತಾ ಇದೆ."